ತಾಯಿಯ ಪರೀಕ್ಷೆ, ಮಗಳ ಲಸಿಕೆ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ವಿಷಯಗಳು ಯಾವುವೆಂದು ತಮಗೆ ತಿಳಿದೇ ಇದೆ: ಪರೀಕ್ಷೆಯ ಫಲಿತಾಂಶ, ಆಟೋಟದ ಬಹುಮಾನ, ಹೊಸ ಕೊಠಡಿಗೆ ಮಾಡು ಹೊದಿಸಿದ ವೆಚ್ಚ, ದಾನಿಗಳ ಉಪಕಾರಸ್ಮರಣೆ. ಅವೆಲ್ಲವೂ ವರದಿಯಲ್ಲಿ ಬಂದಿರುವವು. ಈ ಪುಟಗಳಲ್ಲಿ ನಾವು ಹೇಳಬೇಕೆಂದಿರುವುದು ಬೇರೊಂದು ಮಾತು. ಅದು ಸಭೆಯಲ್ಲಿ ಆಡತಕ್ಕ ಮಾತಲ್ಲವೆಂದು ಕೆಲವರಿಗೆ ತೋರಬಹುದು. ಸಭೆಯಲ್ಲಿಯೂ ಆಡದೆ, ಮನೆಯಲ್ಲಿಯೂ ಆಡದೆ, ತರಗತಿಯಲ್ಲಿಯೂ ಆಡದೆ ಬಿಟ್ಟುದರಿಂದ ಆದ ನಷ್ಟವನ್ನು ಕಣ್ಣಾರೆ ಕಂಡವರಾದುದರಿಂದ ನಾವು ಇನ್ನು ಸುಮ್ಮನಿರಲಾರೆವು.

ಕೆಲವು ವರ್ಷಗಳ ಕೆಳಗೆ, ಬೀಜಾಡಿಯಿಂದ ಬರುತ್ತಿದ್ದ ಒಂಭತ್ತನೆಯ ತರಗತಿಯ ಹುಡುಗಿಯೊಬ್ಬಳು ಮೂರು ವಾರ ಶಾಲೆಗೆ ಬರಲಿಲ್ಲ. ಒಂದು ಸಂಜೆ ನಾವೇ ಅವಳ ಮನೆಗೆ ಹೊರಟೆವು. ಹೆದ್ದಾರಿಯಿಂದ ಇಳಿದು ಕಡಲ ಕಡೆಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟದ ಆಚೆಗೆ ಅವರ ಮನೆ. ಹುಡುಗಿಯು ಬಾವಿಕಟ್ಟೆಯ ಬಳಿ ಪಾತ್ರೆ ಬೆಳಗುತ್ತಿದ್ದಳು. ಒಳಗೆ ಚಾಪೆಯ ಮೇಲೆ ಮಲಗಿದ್ದ ತಾಯಿಯು ನಮ್ಮನ್ನು ಕಂಡು ಗೋಡೆ ಹಿಡಿದು ಎದ್ದು ಕುಳಿತಳು. ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ತಿರುಗುತ್ತಿದ್ದ ಗಟ್ಟಿ ಹೆಂಗಸು. ವಯಸ್ಸು ಇನ್ನೂ ಮೂವತ್ತೇಳು. ಒಂದೂವರೆ ವರ್ಷದಿಂದ ಬಿಳಿ ಹೋಗುತ್ತಿತ್ತು, ಅದಕ್ಕೆ ದುರ್ಗಂಧವಿತ್ತು, ಮುಟ್ಟಿನ ದಿನಗಳಲ್ಲದಾಗಲೂ ರಕ್ತ ಕಾಣುತ್ತಿತ್ತು. ಕಷಾಯ ಕುಡಿದಿದ್ದಳು, ಹರಕೆ ಹೊತ್ತಿದ್ದಳು, ಗಂಡನಿಗೆ ಮಾತ್ರ ಹೇಳಿರಲಿಲ್ಲ. ಯಾಕೆ ಮೊದಲೇ ಆಸ್ಪತ್ರೆಗೆ ಹೋಗಲಿಲ್ಲವೆಂದು ಕೇಳಿದುದಕ್ಕೆ, “ಹೇಳೂಕೆ ನಾಚ್ಕಿ ಆಯ್ತ್, ಟೀಚರೇ. ಯಾರ್ ಹತ್ರ ಹೇಳೂದ್?” ಎಂದಳು.

ಈ ಮಾತು ನಮ್ಮನ್ನು ಚುಚ್ಚಿದುದಕ್ಕೆ ಕಾರಣವುಂಟು. ಆಕೆಯು ನಮ್ಮ ಶಾಲೆಯಲ್ಲೇ ಓದಿದವಳು. ನಾವು ತರಬೇತು ಮುಗಿಸಿ ಉಪಾಧ್ಯಾಯಿನಿಯಾಗಿ ಬಂದ ಮೊದಲನೆಯ ವರ್ಷ ಹತ್ತನೆಯ ತರಗತಿಯ ಮೂರನೆಯ ಬೆಂಚಿನಲ್ಲಿ ಕುಳಿತಿದ್ದವಳು. ಆ ವರ್ಷ ವಿಜ್ಞಾನದ ಪುಸ್ತಕದಲ್ಲಿ ಮನುಷ್ಯರ ಸಂತಾನೋತ್ಪತ್ತಿಯ ಪಾಠ ಬಂದಾಗ, “ಇದನ್ನು ಮನೆಯಲ್ಲಿ ಓದಿಕೊಳ್ಳಿರಿ” ಎಂದು ಹೇಳಿ ಪುಟ ತಿರುವಿದವರು ನಾವೇ. ತಾನು ಯಾರೊಡನೆ ಹೇಳಬೇಕಿತ್ತೆಂದು ಆಕೆ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ರೋಗವು ಗರ್ಭಕೋಶದ ಕೊರಳನ್ನು ದಾಟಿ ಸುತ್ತಲೂ ಹರಡಿತ್ತು. ಮುಂದಿನ ಮಳೆಗಾಲವನ್ನು ಆಕೆ ಕಾಣಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಮಗಳಿಗೆ ಲಸಿಕೆ, ತಾಯಿಗೆ ಪರೀಕ್ಷೆ, ಇವೆರಡೂ ಒಂದೇ ಮನೆಯಿಂದ ಒಟ್ಟಿಗೆ ಹೊರಡಬೇಕು. ಮತ್ತು ಎರಡಕ್ಕೂ ತಾಯಿತಂದೆಗಳು ವಿಷಯವನ್ನು ತಿಳಿದು ತಾವೇ ಒಪ್ಪಿಗೆ ಕೊಡಬೇಕು. ಶಾಲೆಯು ತಿಳಿಸತಕ್ಕದ್ದು, ಶಾಲೆಯು ಒಪ್ಪತಕ್ಕದ್ದಲ್ಲ. ಇದಕ್ಕೆ ಆಧಾರವೇನೆಂಬುದನ್ನು ಮುಂದೆ ವಿವರಿಸುವೆವು.

ಮೊದಲು ರೋಗದ ವಿಚಾರ. ಗರ್ಭಕೋಶದ ಕೆಳತುದಿಯಲ್ಲಿರುವ ಕಿರಿದಾದ ಭಾಗಕ್ಕೆ ಗರ್ಭಕೋಶದ ಕೊರಳೆಂದು ಹೆಸರು. ಅಲ್ಲಿ ಹುಟ್ಟುವ ಕ್ಯಾನ್ಸರಿನಿಂದ ೨೦೨೨ರಲ್ಲಿ ಲೋಕದಲ್ಲಿ ಸುಮಾರು ಮೂರೂವರೆ ಲಕ್ಷ ಸ್ತ್ರೀಯರು ತೀರಿಕೊಂಡರೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ನಮ್ಮ ಭಾರತದಲ್ಲಿ ಆ ಒಂದು ವರ್ಷದಲ್ಲಿ ಹೊಸದಾಗಿ ರೋಗ ಕಂಡವರು ಸುಮಾರು ೧,೨೭,೦೦೦. ಮರಣ ಹೊಂದಿದವರು ಸುಮಾರು ೮೦,೦೦೦. ಇವರಲ್ಲಿ ಬಹು ಮಂದಿ ಮನೆಯ ಭಾರ ಹೊತ್ತಿರುವ ನಡುವಯಸ್ಸಿನ ತಾಯಂದಿರು. ಆದರೂ ಕ್ಯಾನ್ಸರುಗಳಲ್ಲಿ ಇದರಷ್ಟು ನಿಧಾನವಾಗಿ ಬೆಳೆಯುವುದೂ, ಇದರಷ್ಟು ಸುಲಭವಾಗಿ ಮುಂಚಿತವಾಗಿ ಹಿಡಿಯಲಾಗುವುದೂ ಅಪರೂಪ. ಮೊದಲನೆಯ ಬದಲಾವಣೆ ಕಾಣಿಸಿಕೊಂಡ ಮೇಲೆ ಪೂರ್ಣ ಕ್ಯಾನ್ಸರಾಗುವುದಕ್ಕೆ ಸಾಮಾನ್ಯವಾಗಿ ಹತ್ತು, ಹದಿನೈದು, ಇಪ್ಪತ್ತು ವರ್ಷಗಳು ಹಿಡಿಯುವವು. ಇಷ್ಟು ದೀರ್ಘ ಕಾಲಾವಕಾಶವಿದ್ದರೂ ನಾವು ನಮ್ಮವರನ್ನು ಕಳೆದುಕೊಳ್ಳುತ್ತಿರುವುದು ನಾಚಿಕೆಯಿಂದ ಮತ್ತು ಅಜ್ಞಾನದಿಂದ.

ಈ ರೋಗದ ಮೂಲವನ್ನು ಹುಡುಕಿದ ಕಥೆಯು ಹಳೆಯದು. ಇಟಲಿ ದೇಶದ ವೆರೋನಾ ಪಟ್ಟಣದಲ್ಲಿ ರಿಗೋನಿ ಸ್ಟರ್ನ್ ಎಂಬ ವೈದ್ಯನು ೧೭೬೦ರಿಂದ ೧೮೩೯ರ ವರೆಗಿನ ಮರಣದ ದಾಖಲೆಗಳನ್ನು ಓದಿ, ಗರ್ಭಕೋಶದ ಕ್ಯಾನ್ಸರು ವಿವಾಹಿತರಲ್ಲಿಯೂ ವಿಧವೆಯರಲ್ಲಿಯೂ ಹೆಚ್ಚೆಂದೂ, ಮಠದ ಕನ್ಯಾಸ್ತ್ರೀಯರಲ್ಲಿ ಬಹು ವಿರಳವೆಂದೂ ೧೮೪೨ರಲ್ಲಿ ಪ್ರಕಟಿಸಿದನು. ಕಾರಣವು ದಾಂಪತ್ಯದ ಮೂಲಕ ಬರುವ ಯಾವುದೋ ಒಂದು ವಸ್ತುವಾಗಿರಬೇಕೆಂದು ಆಗಿನಿಂದ ಸಂಶಯ ಹುಟ್ಟಿತು. ಆ ವಸ್ತುವನ್ನು ಕೈಗೆ ಹಿಡಿದು ತೋರಿಸಿದವರು ಜರ್ಮನಿಯ ಹೆರಾಲ್ಡ್ ಸುರ್ ಹೌಸನ್. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಸಂಕ್ಷೇಪವಾಗಿ ಎಚ್.ಪಿ.ವಿ. ಎಂಬ ವೈರಾಣುವಿನ ೧೬ನೆಯ ಬಗೆಯನ್ನು ೧೯೮೩ರಲ್ಲಿಯೂ ೧೮ನೆಯ ಬಗೆಯನ್ನು ೧೯೮೪ರಲ್ಲಿಯೂ ಅವರ ತಂಡವು ರೋಗಿಗಳ ಗಡ್ಡೆಗಳಿಂದಲೇ ಬೇರ್ಪಡಿಸಿತು. ೨೦೦೮ರಲ್ಲಿ ನೊಬೆಲ್ ಬಹುಮಾನವು ಅವರಿಗೆ ದೊರೆಯಿತು. ಈ ವೈರಾಣುವಿನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳುಂಟು. ಹಲವು ಬಗೆಗಳು ಬರಿಯ ನರೂಲಿಯನ್ನು ಮಾತ್ರ ಹುಟ್ಟಿಸುವವು. ಗರ್ಭಕೋಶದ ಕೊರಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತರಷ್ಟು ಆ ೧೬ ಮತ್ತು ೧೮ನೆಯ ಬಗೆಗಳಿಂದ ಬರುವವು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳದಿದ್ದರೆ ನಮ್ಮ ಬರವಣಿಗೆಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು. ದಾಂಪತ್ಯ ಸಂಬಂಧದಿಂದ ಬರುವ ವೈರಾಣುವೆಂದು ಕೇಳಿದೊಡನೆ ರೋಗಿಯ ನಡತೆಯ ಮೇಲೆ ಸಂಶಯ ಪಡುವ ಜನರಿದ್ದಾರೆ. ಅದು ಅನ್ಯಾಯವೂ ಅವಿವೇಕವೂ ಆಗಿರುತ್ತದೆ. ಯಾಕಂದರೆ ಈ ವೈರಾಣುವು ನೆಗಡಿಯಂತೆ ಸಾಮಾನ್ಯವಾದದ್ದು. ಗೃಹಸ್ಥರಾದ ಸ್ತ್ರೀಪುರುಷರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಒಂದಲ್ಲ ಒಂದು ಸಲ ತಗಲುವುದು. ಹತ್ತರಲ್ಲಿ ಒಂಭತ್ತು ಮಂದಿಯ ದೇಹವು ಎರಡು ವರ್ಷಗಳೊಳಗೆ ತಾನಾಗಿಯೇ ಅದನ್ನು ಹೊರದೂಡುವುದು. ಬಂದದ್ದೂ ಹೋದದ್ದೂ ಅವರಿಗೆ ತಿಳಿಯುವುದಿಲ್ಲ. ಜೀವಮಾನದಲ್ಲಿ ಒಬ್ಬನೇ ಗಂಡನನ್ನು ಕಂಡ ಪತ್ನಿಗೂ ಇದು ಬರಬಹುದು. ಗಂಡನಿಗೆ ಯಾವ ಚಿಹ್ನೆಯೂ ಇಲ್ಲದೆ ಅವನ ದೇಹದಲ್ಲಿ ಇರಬಹುದು. ಹತ್ತಿಪ್ಪತ್ತು ವರ್ಷಗಳ ಹಿಂದೆ ಬಂದು ಅಡಗಿದ್ದನ್ನು ಇಂದು ಯಾರ ತಲೆಗೆ ಕಟ್ಟುವುದು? ಕ್ಷಯರೋಗಿಯನ್ನು ನಡತೆಗೆಟ್ಟವನೆಂದು ನಾವು ಹೇಳುವುದಿಲ್ಲವಷ್ಟೆ, ಇಲ್ಲಿಯೂ ಹೇಳಕೂಡದು.

ಇನ್ನು ಈ ವೈರಾಣುವು ಮಾಡುವ ಕೆಲಸವನ್ನು ನೋಡೋಣ. ಇದನ್ನು ನಾವು ವಿಸ್ತರಿಸಿ ಹೇಳುವುದಕ್ಕೆ ಕಾರಣ, ಮಗಳಿಗೆ ಲಸಿಕೆಯೇಕೆ, ತಾಯಿಗೆ ಅದು ಸಾಲದೇಕೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರವು ಇದರಲ್ಲೇ ಇರುವುದು. ವೈರಾಣುಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಸಾಲಾಗಿ ಇಟ್ಟರೆ, ಒಂದು ಮಿಲಿಮೀಟರಿನಲ್ಲಿ ಸುಮಾರು ೧೮,೦೦೦ ಹಿಡಿಸುವಷ್ಟು ಅದು ಸೂಕ್ಷ್ಮ. ಹೊರಗೆ ಪ್ರೋಟೀನಿನ ಚಿಪ್ಪು, ಒಳಗೆ ಉಂಗುರದಾಕಾರದ ಡಿ.ಎನ್.ಎ.; ಆ ಉಂಗುರದಲ್ಲಿ ಎಂಟು ಬಗೆಯ ಪ್ರೋಟೀನುಗಳನ್ನು ತಯಾರಿಸುವ ಬರಹ. ಜೀವಕೋಶದೊಳಗೆ ಹೊಕ್ಕ ಮೇಲೆ ಮೊದಲು ತಯಾರಾಗುವವುಗಳಿಗೆ ‘ಇ’ ಎಂದೂ, ಕಡೆಗೆ ತಯಾರಾಗಿ ಹೊರಚಿಪ್ಪಾಗುವವುಗಳಿಗೆ ‘ಎಲ್’ ಎಂದೂ ಹೆಸರಿಟ್ಟಿದ್ದಾರೆ. ನಮಗೆ ಬೇಕಾದವು ಮುಖ್ಯವಾಗಿ ಮೂರು: ಇ-೬, ಇ-೭ ಮತ್ತು ಎಲ್-೧.

ನಮ್ಮ ಕಡೆಯ ಬೈಲುಗದ್ದೆಗಳಿಗೆ ಹೊಳೆಯ ಉಪ್ಪುನೀರು ನುಗ್ಗದಂತೆ ದಂಡೆ ಕಟ್ಟಿ, ಕಿಂಡಿಗೆ ಹಲಗೆ ಇಳಿಸಿ, ಕಾವಲಿಗೆ ಒಬ್ಬನನ್ನು ಇಡುವುದುಂಟು. ನಮ್ಮ ದೇಹದ ಜೀವಕೋಶದಲ್ಲಿಯೂ ಇಂಥ ಏರ್ಪಾಡು ಇದೆ. ಜೀವಕೋಶವು ಬೇಕಾದಾಗ ಮಾತ್ರ ಇಬ್ಭಾಗವಾಗಿ ಬೆಳೆಯಬೇಕು, ಸಾಕಾದೊಡನೆ ನಿಲ್ಲಬೇಕು. ಹಾಗೆ ತಡೆಹಿಡಿಯುವ ಹಲಗೆಯು ಆರ್.ಬಿ. ಎಂಬ ಪ್ರೋಟೀನು. ಬರಹದಲ್ಲಿ ಕೆಡುಕು ಕಂಡರೆ ಕೆಲಸ ನಿಲ್ಲಿಸಿ ಅದನ್ನು ಸರಿಪಡಿಸುವ, ಸರಿಯಾಗದಿದ್ದರೆ ಆ ಜೀವಕೋಶವನ್ನೇ ಸಾಯಿಸಿಬಿಡುವ ಕಾವಲುಗಾರನು ಪಿ-೫೩ ಎಂಬ ಮತ್ತೊಂದು ಪ್ರೋಟೀನು. ವೈರಾಣುವಿಗೆ ಸ್ವಂತ ಕಾರ್ಖಾನೆಯಿಲ್ಲ. ತನ್ನ ಸಂತಾನ ಬೆಳೆಯಬೇಕಾದರೆ ನಮ್ಮ ಜೀವಕೋಶದ ಕಾರ್ಖಾನೆಯು ನಿಲ್ಲದೆ ನಡೆಯಬೇಕು. ಆದುದರಿಂದ ಅದರ ಇ-೭ ಎಂಬ ಪ್ರೋಟೀನು ಹೋಗಿ ಹಲಗೆಯನ್ನು ಕಿತ್ತುಬಿಡುವುದು. ಕಾವಲುಗಾರನು ಎಚ್ಚತ್ತು ಏಳುವಷ್ಟರಲ್ಲಿ ಇ-೬ ಎಂಬುದು ಜೀವಕೋಶದ್ದೇ ಆದ ಮತ್ತೊಂದು ಪ್ರೋಟೀನನ್ನು ಕೂಡಿಕೊಂಡು ಆ ಪಿ-೫೩ಕ್ಕೆ ಕಸದ ಗುರುತು ಅಂಟಿಸಿ ನಾಶಕ್ಕೆ ಒಪ್ಪಿಸುವುದು. ಹಲಗೆಯೂ ಇಲ್ಲ, ಕಾವಲೂ ಇಲ್ಲ. ಇನ್ನು ಉಪ್ಪುನೀರಿಗೆ ತಡೆಯೆಲ್ಲಿ?

ಇಷ್ಟಾದರೂ ಬಹು ಮಂದಿಯಲ್ಲಿ ಕೇಡಾಗುವುದಿಲ್ಲ, ಯಾಕಂದರೆ ವೈರಾಣುವಿನ ಇ-೨ ಎಂಬ ಪ್ರೋಟೀನು ಈ ಇಬ್ಬರನ್ನೂ ಮಿತಿಯಲ್ಲಿ ಇಟ್ಟಿರುತ್ತದೆ, ಮತ್ತು ದೇಹವು ವೈರಾಣುವನ್ನು ಸಕಾಲದಲ್ಲಿ ಹೊರಗೆ ಹಾಕುತ್ತದೆ. ಕೆಲವರಲ್ಲಿ ಮಾತ್ರ ವೈರಾಣುವು ವರ್ಷಗಟ್ಟಲೆ ನೆಲಸಿ, ಅದರ ಉಂಗುರವು ತುಂಡಾಗಿ ನಮ್ಮ ಜೀವಕೋಶದ ಬರಹದೊಳಗೇ ಸೇರಿಕೊಳ್ಳುವುದುಂಟು. ಹಾಗಾಗುವಾಗ ಇ-೨ರ ಭಾಗವು ಅನೇಕ ವೇಳೆ ಮುರಿದುಹೋಗುವುದು. ಆಮೇಲೆ ಇ-೬, ಇ-೭ಗಳನ್ನು ಅಂಕೆಯಲ್ಲಿಡುವವರಿಲ್ಲ. ತಪ್ಪುಗಳ ಮೇಲೆ ತಪ್ಪುಗಳು ಕೂಡುತ್ತ ಬಂದು, ವರ್ಷಗಳು ಕಳೆದ ಬಳಿಕ ಕ್ಯಾನ್ಸರಾಗುವುದು.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಒಬ್ಬ ತಾಯಿಯ ಜೀವವೇ ಸಾಕ್ಷಿ. ಅಮೆರಿಕೆಯ ಹೆನ್ರಿಯೆಟಾ ಲಾಕ್ಸ್ ಎಂಬ ಬಡ ಕರಿಯ ಮಹಿಳೆಯು ಐದು ಮಕ್ಕಳ ತಾಯಿ. ೧೯೫೧ರಲ್ಲಿ ಇದೇ ರೋಗದಿಂದ ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಗಡ್ಡೆಯಿಂದ ತೆಗೆದ ಜೀವಕೋಶಗಳು ಪ್ರಯೋಗಶಾಲೆಗಳಲ್ಲಿ ಇಂದಿಗೂ ಸಾಯದೆ ಬೆಳೆಯುತ್ತಿವೆ. ಅವುಗಳಲ್ಲಿ ಇರುವುದು ೧೮ನೆಯ ಬಗೆಯ ವೈರಾಣುವಿನ ಬರಹವೆಂದು ಸುರ್ ಹೌಸನ್ನರ ಕಡೆಯವರೇ ಕಂಡುಹಿಡಿದರು. ಆ ಜೀವಕೋಶಗಳಲ್ಲಿ ಇ-೬, ಇ-೭ಗಳ ಬಾಯಿ ಕಟ್ಟಿದರೆ ಬೆಳವಣಿಗೆಯು ನಿಂತುಹೋಗುವುದನ್ನು ವಿಜ್ಞಾನಿಗಳು ತೋರಿಸಿದ್ದಾರೆ. ಲೋಕಕ್ಕೆ ಇಷ್ಟು ವಿದ್ಯೆ ಕೊಟ್ಟ ಆ ಜೀವಕೋಶಗಳನ್ನು ಪಡೆಯುವಾಗ ಆಕೆಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲವೆಂಬುದನ್ನೂ ನೆನಪಿಡಬೇಕು. ಒಪ್ಪಿಗೆಯ ಪ್ರಶ್ನೆಗೆ ನಾವು ಮತ್ತೆ ಬರುವೆವು.

ಲಸಿಕೆಯ ವಿಷಯವು ಎಲ್-೧ ಎಂಬ ಪ್ರೋಟೀನಿಗೆ ಸೇರಿದ್ದು. ವೈರಾಣುವಿನ ಹೊರಚಿಪ್ಪು ಐದೈದರ ೭೨ ಗುಂಪುಗಳಾಗಿ ಸೇರಿದ ೩೬೦ ಎಲ್-೧ಗಳಿಂದ ಆದದ್ದು. ೧೯೯೧ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಇಯಾನ್ ಫ್ರೇಜರ್ ಮತ್ತು ಚೀನಾದಿಂದ ಬಂದ ಜಿಯಾನ್ ಜೌ ಎಂಬವರು, ಚಿಪ್ಪಿನ ಪ್ರೋಟೀನುಗಳನ್ನು ಮಾತ್ರ ಬೇರೆಯಾಗಿ ತಯಾರಿಸಿದರೆ ಅವು ತಾವಾಗಿಯೇ ಸೇರಿಕೊಂಡು ವೈರಾಣುವಿನ ಆಕಾರವನ್ನು ತಾಳುವವೆಂದು ಕಂಡರು. ಎಲ್-೧ ಒಂದೇ ಇದಕ್ಕೆ ಸಾಕೆಂದು ಮುಂದೆ ತಿಳಿಯಿತು. ತಿರುಳೂ ನೀರೂ ಇಲ್ಲದ ಕರಟವಿದ್ದ ಹಾಗೆ. ಹೊರಗೆ ನೋಡಿದರೆ ತೆಂಗಿನಕಾಯಿ, ಬಿತ್ತಿದರೆ ಮೊಳೆಯದು. ಅದರಲ್ಲಿ ಡಿ.ಎನ್.ಎ. ಇಲ್ಲ, ಇ-೬ ಇಲ್ಲ, ಇ-೭ ಇಲ್ಲ. ರೊಟ್ಟಿಯನ್ನು ಉಬ್ಬಿಸುವ ಯೀಸ್ಟಿನಂಥ ಜೀವಿಗಳಲ್ಲಿ ಈ ಚಿಪ್ಪನ್ನು ಬೆಳೆಸಿ ಶುದ್ಧಮಾಡಿ ಲಸಿಕೆ ತಯಾರಿಸುವರು. ಇದನ್ನು ತೋಳಿಗೆ ಚುಚ್ಚಿದಾಗ ದೇಹವು ಕಳ್ಳನ ಮುಖವನ್ನು ಮೊದಲೇ ಗುರುತು ಮಾಡಿಕೊಂಡು ಪ್ರತಿಕಾಯಗಳನ್ನು ಸಿದ್ಧವಾಗಿಡುವುದು. ನಿಜವಾದ ಕಳ್ಳನು ಎಂದಾದರೂ ಬಂದರೆ ಬಾಗಿಲಲ್ಲಿಯೇ ಹಿಡಿಯುವುದು.

ಮೊದಲನೆಯ ಲಸಿಕೆಗೆ ೨೦೦೬ರಲ್ಲಿ ಅಮೆರಿಕೆಯಲ್ಲಿ ಅನುಮತಿ ದೊರೆಯಿತು, ಭಾರತದಲ್ಲಿ ೨೦೦೮ರಲ್ಲಿ. ೨೦೨೨ರಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವವ್ಯಾಕ್ ಎಂಬ ನಮ್ಮ ದೇಶದ್ದೇ ಆದ ಲಸಿಕೆಗೂ ಅನುಮತಿಯಾಯಿತು. ಅದು ೬, ೧೧, ೧೬, ೧೮ ಎಂಬ ನಾಲ್ಕು ಬಗೆಗಳನ್ನು ತಡೆಯುವುದು.

ಫಲವೇನೆಂದು ಕೇಳುವವರಿಗೆ ಎರಡು ದೇಶಗಳ ಅನುಭವವನ್ನು ಹೇಳುವೆವು. ಸ್ವೀಡನ್ನಿನಲ್ಲಿ ಹದಿನಾರು ಲಕ್ಷಕ್ಕೂ ಹೆಚ್ಚು ಹುಡುಗಿಯರ ಮತ್ತು ಯುವತಿಯರ ದಾಖಲೆಗಳನ್ನು ಪರಿಶೀಲಿಸಿ ೨೦೨೦ರಲ್ಲಿ ಪ್ರಕಟಿಸಿದ ವರದಿಯಂತೆ, ಹದಿನೇಳು ವರ್ಷಕ್ಕೆ ಮೊದಲು ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರು ನೂರಕ್ಕೆ ೮೮ರಷ್ಟು ಕಡಿಮೆಯಾಗಿತ್ತು. ಸ್ಕಾಟ್ಲೆಂಡಿನಲ್ಲಿ ಹನ್ನೆರಡು ಹದಿಮೂರು ವರ್ಷದ ಪ್ರಾಯದಲ್ಲಿ ಪೂರ್ಣವಾಗಿ ಲಸಿಕೆ ಪಡೆದವರಲ್ಲಿ ಒಬ್ಬರಿಗೂ ಈ ಕ್ಯಾನ್ಸರು ಬಂದಿರಲಿಲ್ಲವೆಂದು ೨೦೨೪ರಲ್ಲಿ ವರದಿಯಾಯಿತು. ಅಪಾಯದ ವಿಚಾರವಾಗಿಯೂ ಹೇಳಬೇಕು. ೨೦೧೭ರ ವೇಳೆಗೆ ಲೋಕದಲ್ಲಿ ೨೭ ಕೋಟಿಗೂ ಹೆಚ್ಚು ಡೋಸುಗಳು ವಿತರಣೆಯಾಗಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿಯು ಅವೆಲ್ಲವನ್ನೂ ನೋಡಿ ಇದು ಅತ್ಯಂತ ಸುರಕ್ಷಿತವೆಂದು ನಿರ್ಣಯಿಸಿತು. ಬಂಜೆತನ ಬರುವುದೆಂಬ ಭಯಕ್ಕೆ ಆಧಾರವಿಲ್ಲ. ತೋಳು ನೋಯಬಹುದು, ಸ್ವಲ್ಪ ಜ್ವರ ಬರಬಹುದು, ಈ ಪ್ರಾಯದ ಹುಡುಗಿಯರು ಸೂಜಿಯ ಹೆದರಿಕೆಯಿಂದ ತಲೆತಿರುಗಿ ಬೀಳುವುದೂ ಉಂಟು. ಆದುದರಿಂದ ಚುಚ್ಚಿದ ಮೇಲೆ ಕಾಲು ಗಂಟೆ ಕುಳಿತಿರಿಸಬೇಕು. ಯಾವುದಾದರೂ ಔಷಧದಿಂದ ಹಿಂದೆ ತೀವ್ರ ತೊಂದರೆಯಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಲಸಿಕೆ ಹಾಕಿಸಿದರೆ ಹುಡುಗಿಯರ ಶೀಲಕ್ಕೆ ಕೇಡೆಂದು ಹೇಳುವವರನ್ನೂ ನಾವು ಕೇಳಿದ್ದೇವೆ. ಹುಚ್ಚುನಾಯಿಯ ಚುಚ್ಚುಮದ್ದು ಆಸ್ಪತ್ರೆಯಲ್ಲಿ ಇದೆಯೆಂದು ಯಾರೂ ನಾಯಿಯ ಬಾಯಿಗೆ ಕೈಯಿಡುವುದಿಲ್ಲ. ಶೀಲವು ಬೆಳೆಯುವುದು ಮನೆಯ ನಡೆಯಿಂದಲೂ ಶಾಲೆಯ ಶಿಕ್ಷಣದಿಂದಲೂ. ರೋಗದ ಭಯದಿಂದ ಅಲ್ಲ. ಒಂಭತ್ತರಿಂದ ಹದಿನಾಲ್ಕರ ಪ್ರಾಯವನ್ನು ಆರಿಸಿರುವುದಕ್ಕೆ ಕಾರಣವು ಬೇರೆಯೇ. ಕಳ್ಳನು ಒಳಹೊಕ್ಕ ಮೇಲೆ ಬಾಗಿಲ ಕಾವಲಿನಿಂದ ಪ್ರಯೋಜನವಿಲ್ಲ. ಬೇರೂರಿದ ಕ್ಯಾನ್ಸರಿನ ಜೀವಕೋಶದಲ್ಲಿ ಉಳಿದು ಕೆಲಸ ಮಾಡುವವು ಇ-೬, ಇ-೭ಗಳು. ಲಸಿಕೆಯು ಕಲಿಸಿರುವುದು ಹೊರಚಿಪ್ಪಾದ ಎಲ್-೧ರ ಗುರುತನ್ನು ಮಾತ್ರ. ಆದುದರಿಂದ ಈಗಾಗಲೇ ಹೊಕ್ಕಿರುವುದನ್ನು ಈ ಲಸಿಕೆಯು ಹೊರಡಿಸಲಾರದು. ಮಗಳಿಗೆ ರಕ್ಷಣೆಯಾದದ್ದು ತಾಯಿಗೆ ಸಾಲದೆಂಬುದಕ್ಕೆ ಇದೇ ಕಾರಣ.

ಈಗ ಒಪ್ಪಿಗೆಯ ಪ್ರಶ್ನೆ. ಇದರಲ್ಲಿ ನಮ್ಮಂಥ ಮುಖ್ಯೋಪಾಧ್ಯಾಯಿನಿಯರಿಗೆ ದೊಡ್ಡ ಪಾಠವುಂಟು. ೨೦೦೯ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಮ್ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರಾ ಜಿಲ್ಲೆಯಲ್ಲಿಯೂ ಹತ್ತರಿಂದ ಹದಿನಾಲ್ಕು ವರ್ಷದ ಸಾವಿರಾರು ಬಾಲಿಕೆಯರಿಗೆ ಒಂದು ಯೋಜನೆಯ ಮೂಲಕ ಈ ಲಸಿಕೆಯನ್ನು ಕೊಟ್ಟರು. ಅವರಲ್ಲಿ ಏಳು ಹುಡುಗಿಯರು ತೀರಿಕೊಂಡರೆಂದು ಸುದ್ದಿಯಾಗಿ ೨೦೧೦ರ ಏಪ್ರಿಲಿನಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಸರ್ಕಾರದ ವಿಚಾರಣೆಯಲ್ಲಿ ಆ ಮರಣಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ; ನೀರಿಗೆ ಬಿದ್ದದ್ದು, ಹಾವು ಕಚ್ಚಿದ್ದು, ಮಲೇರಿಯ, ಇಂಥ ಕಾರಣಗಳಿದ್ದವು. ಆದರೆ ಬೇರೊಂದು ತಪ್ಪು ಬೆಳಕಿಗೆ ಬಂದಿತು. ಆಂಧ್ರದ ೯,೫೪೩ ಒಪ್ಪಿಗೆ ಪತ್ರಗಳಲ್ಲಿ ೨,೭೬೩ಕ್ಕೆ ತಾಯಿತಂದೆಗಳ ಬದಲು ವಿದ್ಯಾರ್ಥಿನಿಲಯದ ವಾರ್ಡನರು ರುಜು ಹಾಕಿದ್ದರು. ೧,೯೪೮ರಲ್ಲಿ ಹೆಬ್ಬೆಟ್ಟಿನ ಗುರುತು ಇತ್ತು. ಪಾರ್ಲಿಮೆಂಟಿನ ಸ್ಥಾಯೀ ಸಮಿತಿಯು ೨೦೧೩ರ ವರದಿಯಲ್ಲಿ ಇದನ್ನು ಕಟುವಾಗಿ ಖಂಡಿಸಿತು.

ಆ ವಾರ್ಡನರು ದುಷ್ಟರಾಗಿದ್ದರೆಂದು ನಾವು ಭಾವಿಸುವುದಿಲ್ಲ. ಮಕ್ಕಳಿಗೆ ಒಳ್ಳೆಯದೇ ಆಗುವುದೆಂದು ನಂಬಿ, ಬೇಗನೆ ಕೆಲಸವಾಗಲೆಂದು ರುಜು ಹಾಕಿರಬೇಕು. ನಮ್ಮ ಮೇಜಿನ ಮೇಲೆಯೂ ಕಾಗದಗಳ ರಾಶಿ ಬರುವುದು. ನಾವೂ ಹಾಗೆ ಮಾಡಬಹುದಿತ್ತು. ಆದರೆ ಆ ಅವಸರದ ಫಲವೇನಾಯಿತೆಂದು ನೋಡಿರಿ. ನಿರ್ದೋಷಿಯಾದ ಲಸಿಕೆಯ ಮೇಲೆ ಅಪವಾದ ಬಂತು. ಬಡವರ ಮಕ್ಕಳನ್ನು ಪ್ರಯೋಗಕ್ಕೆ ಬಳಸಿಕೊಂಡರೆಂಬ ಭಯವು ಊರೂರಿಗೆ ಹಬ್ಬಿತು. ಬೇರೆ ತಂಡದವರು ೨೦೦೯ರಲ್ಲಿ ಆರಂಭಿಸಿದ್ದ ಮತ್ತೊಂದು ಅಧ್ಯಯನವೂ ಆಗ ಅರ್ಧಕ್ಕೆ ನಿಂತು, ಅದರಲ್ಲಿ ಸಾವಿರಾರು ಹುಡುಗಿಯರಿಗೆ ಒಂದೇ ಡೋಸು ಸಿಕ್ಕಿತು. ಆಶ್ಚರ್ಯವೇನಂದರೆ, ಅವರನ್ನು ಹತ್ತು ವರ್ಷ ಗಮನಿಸಿದಾಗ, ೧೬ ಮತ್ತು ೧೮ನೆಯ ಬಗೆಗಳು ದೇಹದಲ್ಲಿ ನೆಲೆಯೂರುವುದನ್ನು ಒಂದೇ ಡೋಸು ಕೂಡ ನೂರಕ್ಕೆ ಸುಮಾರು ೯೫ರಷ್ಟು ತಡೆಯಿತೆಂದು ೨೦೨೧ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಎಳೆಯ ಪ್ರಾಯದವರಿಗೆ ಒಂದು ಡೋಸನ್ನೂ ಒಪ್ಪಿದುದಕ್ಕೆ ನಮ್ಮ ದೇಶದ ಈ ಬಾಲಿಕೆಯರೂ ಕಾರಣರಾದರು.

ಆದುದರಿಂದ ಲಸಿಕೆಯ ವಿಷಯವು ಶಾಲೆಯ ಮೂಲಕ ಯಾವಾಗ ಬಂದರೂ ನಾವು ಅನುಸರಿಸುವ ಕ್ರಮವನ್ನು ಇಲ್ಲಿಯೇ ಅಚ್ಚಿನಲ್ಲಿ ಹೇಳಿಡುವೆವು. ಒಪ್ಪಿಗೆಯ ಕಾಗದವು ಮನೆಗೆ ಬರುವುದು. ಒಂದು ವಾರ ಮನೆಯಲ್ಲಿಯೇ ಇರುವುದು. ಅದಕ್ಕೆ ಮೊದಲ ಭಾನುವಾರವಲ್ಲದ ಒಂದು ದಿನ, ಮೀನುಗಾರಿಕೆಯವರಿಗೂ ಬೀಡಿ ಕಟ್ಟುವವರಿಗೂ ಅನುಕೂಲವಾದ ಹೊತ್ತಿನಲ್ಲಿ ತಾಯಿತಂದೆಗಳ ಸಭೆ ಕರೆದು, ಪ್ರಶ್ನೆಗಳಿಗೆ ವೈದ್ಯರಿಂದ ಉತ್ತರ ಕೊಡಿಸುವೆವು. ಓದು ಬಾರದವರಿಗೆ ಓದಿ ಹೇಳುವೆವು. ಹುಡುಗಿಯನ್ನೂ ಕೇಳುವೆವು. ರುಜು ಮಾತ್ರ ತಮ್ಮದು. ಒಪ್ಪದವರ ಹೆಸರನ್ನು ಪ್ರಾರ್ಥನಾಸಭೆಯಲ್ಲಿ ಓದುವುದಾಗಲಿ, ಆ ಹುಡುಗಿಯನ್ನು ಬೇರೆ ಕುಳ್ಳಿರಿಸುವುದಾಗಲಿ ಆಗದು. ಹೀಗೆ ಮಾಡಿದರೆ ಬಹು ಮಂದಿ ತಪ್ಪಿಹೋಗುವರೆಂದು ಹೇಳುವವರಿಗೆ ಸಿಕ್ಕಿಮ್ ರಾಜ್ಯವನ್ನು ತೋರಿಸುವೆವು. ಅಲ್ಲಿ ೨೦೧೮ರಲ್ಲಿ ಶಾಲೆಗಳ ಮೂಲಕವೇ ಒಂಭತ್ತರಿಂದ ಹದಿನಾಲ್ಕರ ಬಾಲಿಕೆಯರಿಗೆ ಲಸಿಕೆ ಕೊಟ್ಟಾಗ ನೂರಕ್ಕೆ ೯೫ಕ್ಕೂ ಹೆಚ್ಚು ಮಂದಿ ಪಡೆದರು. ತಿಳಿಸಿ ಹೇಳಿದರೆ ಜನರು ಒಪ್ಪುವರು. ಮುಚ್ಚಿಟ್ಟರೆ ಒಳ್ಳೆಯದನ್ನೂ ಸಂಶಯಿಸುವರು.

ತಾಯಂದಿರೇ, ಇನ್ನು ತಮ್ಮ ವಿಷಯ. ಮಗಳ ಕೈಹಿಡಿದು ಆರೋಗ್ಯ ಕೇಂದ್ರಕ್ಕೆ ಹೋಗಿ, ಹೊರಗಿನ ಬೆಂಚಿನಲ್ಲಿ ಕುಳಿತು ಹಿಂದಿರುಗಿ ಬರಬೇಡಿರಿ. ಮೂವತ್ತು ದಾಟಿದವರು ತಾವೂ ಒಳಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿರಿ. ವಿನಿಗರಿನ ಸತ್ತ್ವವಾದ ಅಸಿಟಿಕ್ ಆಮ್ಲವನ್ನು ನೀರಿಗೆ ಬೆರೆಸಿ ಗರ್ಭಕೋಶದ ಕೊರಳಿಗೆ ಸವರಿದರೆ, ಕೆಟ್ಟ ಭಾಗವು ಒಂದು ನಿಮಿಷದಲ್ಲಿ ಬೆಳ್ಳಗಾಗಿ ಕಾಣುವುದು. ಮುಂಬಯಿಯ ಕೊಳಚೆ ಪ್ರದೇಶಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ೧೯೯೮ರಿಂದ ಸುಮಾರು ಒಂದೂವರೆ ಲಕ್ಷ ಸ್ತ್ರೀಯರನ್ನು ಎರಡು ಪಾಲು ಮಾಡಿ ನಡಿಸಿದ ಅಧ್ಯಯನದಲ್ಲಿ, ಈ ಪರೀಕ್ಷೆಯನ್ನು ಒದಗಿಸಿದ ಪಾಲಿನಲ್ಲಿ ಈ ರೋಗದ ಮರಣವು ನೂರಕ್ಕೆ ೩೧ರಷ್ಟು ಇಳಿಯಿತು. ಪರೀಕ್ಷಿಸಿದವರು ದೊಡ್ಡ ವೈದ್ಯರಲ್ಲ. ಹತ್ತನೆಯ ತರಗತಿಯ ವರೆಗೆ ಓದಿ, ಕೆಲವು ವಾರಗಳ ತರಬೇತು ಪಡೆದ ಹೆಣ್ಣುಮಕ್ಕಳು. ಹೈಸ್ಕೂಲಿನ ವಿದ್ಯೆಯು ಯಾವುದಕ್ಕೆ ಬಂದೀತೆಂದು ಕೇಳುವವರಿಗೆ ನಾವು ಇದನ್ನೇ ಹೇಳುವುದು. ವೈರಾಣುವಿನ ಬರಹವನ್ನೇ ಹುಡುಕುವ ಇನ್ನೂ ಉತ್ತಮ ಪರೀಕ್ಷೆಯೂ ಉಂಟು. ನಮ್ಮ ಬೀದರ, ಕಲಬುರಗಿಗಳ ನೆರೆಯಲ್ಲಿರುವ ಆಗ ಉಸ್ಮಾನಾಬಾದೆಂದು ಹೆಸರಿದ್ದ ಜಿಲ್ಲೆಯ ಹಳ್ಳಿಗಳಲ್ಲಿ ೧೯೯೯ರಿಂದ ನಡೆದ ಅಧ್ಯಯನವು, ಅದನ್ನು ಒಂದೇ ಸಲ ಮಾಡಿದ್ದರಿಂದ ಮರಣವು ಸುಮಾರು ಅರ್ಧಕ್ಕಿಳಿಯಿತೆಂದು ೨೦೦೯ರಲ್ಲಿ ತಿಳಿಸಿತು. ಲಸಿಕೆ ಪಡೆದ ಮಗಳೂ ಮೂವತ್ತಾದ ಮೇಲೆ ಪರೀಕ್ಷೆಗೆ ಹೋಗತಕ್ಕದ್ದು, ಯಾಕಂದರೆ ಲಸಿಕೆಯು ಎಲ್ಲ ಬಗೆಗಳನ್ನೂ ತಡೆಯದು. ದುರ್ಗಂಧದ ಬಿಳಿಸ್ರಾವ, ಮುಟ್ಟಿನ ನಡುವೆ ರಕ್ತ, ದಾಂಪತ್ಯದ ಬಳಿಕ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ಇವುಗಳಲ್ಲಿ ಒಂದು ಕಂಡರೂ ಪ್ರಾಯವನ್ನೂ ಸರದಿಯನ್ನೂ ನೋಡದೆ ಕೂಡಲೇ ಹೋಗಿರಿ.

ನಮ್ಮ ಸೀಮೆಯಲ್ಲಿ ಸ್ತ್ರೀಯರಿಗೆ ಚಿಕಿತ್ಸೆಯ ದಾರಿಯಿಲ್ಲವೆಂದು ಹೇಳುವಂತಿಲ್ಲ. ಬಾಸೆಲ್ ಮಿಶನಿನ ವೈದ್ಯೆ ಡಾ. ಎವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ತೆರೆದದ್ದು ೧೯೨೩ರಲ್ಲಿ; ಅದು ಈಗಲೂ ಅವರ ಹೆಸರನ್ನು ಹೊತ್ತಿದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು ೧೯೫೩ರದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ೧೯೭೩ರದು. ಆಸ್ಪತ್ರೆಗಳು ಬಂದು ತಲೆಮಾರುಗಳು ಕಳೆದವು. ಮನೆಯಿಂದ ಅಲ್ಲಿಗೆ ಹೊರಡುವ ಧೈರ್ಯ ಮಾತ್ರ ಇನ್ನೂ ಬರಬೇಕಾಗಿದೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ತಮ್ಮಲ್ಲಿ ಕೆಲವರು ದಾದಿಯರು, ಕೆಲವರು ಆಶಾ ಕಾರ್ಯಕರ್ತೆಯರು, ಕೆಲವರು ಉಪಾಧ್ಯಾಯಿನಿಯರು, ಹಲವರು ಮುಂಬಯಿಯಲ್ಲಿಯೂ ಗಲ್ಫಿನಲ್ಲಿಯೂ ಸಂಸಾರ ಮಾಡುತ್ತಿರುವವರು. ಈ ಸಲ ರಜಕ್ಕೆ ಊರಿಗೆ ಬಂದಾಗ ತಾವು ಪರೀಕ್ಷೆ ಮಾಡಿಸಿಕೊಂಡು, ಜೊತೆಗೆ ಒಬ್ಬ ಅತ್ತಿಗೆಯನ್ನೋ ನೆರೆಮನೆಯ ಅಕ್ಕನನ್ನೋ ಕರಕೊಂಡು ಹೋಗಿರಿ. ಹೊಸ ಕೊಠಡಿಗೆ ಕೊಡುವ ಹಣದಷ್ಟೇ ಇದೂ ಶಾಲೆಗೆ ಉಪಕಾರವೆಂದು ನಾವು ಎಣಿಸುವೆವು.

ಆ ಬೀಜಾಡಿಯ ಹುಡುಗಿಯು ಅಜ್ಜಿಯ ಮನೆಯಿಂದ ಬಂದು ಓದಿ ಹತ್ತನೆಯ ತರಗತಿಯನ್ನು ಮುಗಿಸಿದಳು. ಅವಳ ತರಗತಿಗೆ ಆ ಪಾಠವನ್ನು ನಾವೇ ಮಾಡಿದೆವು, ಪುಟ ತಿರುವಲಿಲ್ಲ. ಮೊದಮೊದಲು ನಗು ಬಂತು, ಆಮೇಲೆ ಪ್ರಶ್ನೆಗಳು ಬಂದವು. ಗಂಟೆ ಹೊಡೆದ ಮೇಲೆ ಅವಳು ಮೇಜಿನ ಬಳಿ ನಿಂತು, ತನ್ನ ತಾಯಿಗೆ ಇದು ತಿಳಿದಿತ್ತೇ ಎಂದು ಕೇಳಿದಳು. ತಿಳಿದಿರಲಿಲ್ಲ, ತಿಳಿಸಬೇಕಾಗಿದ್ದವರು ತಿಳಿಸಲಿಲ್ಲ, ಎಂದು ನಾವು ಹೇಳಿದೆವು. ಈ ಪುಟಗಳನ್ನು ಓದಿದ ತಾವು ನಾಳೆ ಅದೇ ಉತ್ತರವನ್ನು ತಮ್ಮ ಮಗಳಿಗೆ ಕೊಡುವಂತಾಗದಿರಲಿ ಎಂದು ಕೇಳಿಕೊಂಡು ಲೇಖನಿಯನ್ನು ಕೆಳಗಿಡುವೆವು.